ಬಿಚ್ಚಿದ ಮುಡಿಪು

ಆಂಟಾಪ್ ಹಿಲ್, ಮುಂಬಯಿ
೩೦-೧-೧೯೭೩, ಮಂಗಳವಾರ

ಮಗಳೇ ವಿನೋದಿನಿ,

ನಿನಗೆ ಕಾಗದ ಬರೆಯುವ ಯೋಗ್ಯತೆ ನನಗಿಲ್ಲ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಇದನ್ನು ತಂದುಕೊಟ್ಟವರ ಹೆಸರು ಇಂದ್ರಾಬಾಯಿ. ನಮ್ಮ ಚಾಳಿನ ಹಿಂದಿನ ಬಿಲ್ಡಿಂಗಿನವರು, ಮೊದಲು ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಅವರಿಗೆ ಕನ್ನಡ ಓದಲು ಬರುವುದಿಲ್ಲ. ಹಾಗಾಗಿ ಇದರಲ್ಲಿರುವುದು ನಿನಗೂ ನನಗೂ ಮಾತ್ರ. ಭಾಂಡುಪಿನಲ್ಲಿ ನಿನ್ನ ಚಿಕ್ಕಮ್ಮ, ಬಂದವರು ಯಾರು ಎಂತ ಎಂದು ಕೇಳಿದರೆ, ರಾತ್ರಿ ಶಾಲೆಯ ಪುಸ್ತಕ ಕೊಡಲು ಬಂದದ್ದು ಎಂದು ಅವರು ಹೇಳುತ್ತಾರೆ. ಪುಸ್ತಕಗಳೂ ಚೀಲದಲ್ಲಿವೆ. ನೀನು ಓದಿ ಮುಗಿಸುವ ತನಕ ಕೂತಿರುತ್ತಾರೆ. ಉತ್ತರ ಇವತ್ತೇ ಕೊಡಬೇಕೆಂದಿಲ್ಲ.

ಅಕ್ಷರ ಸೊಟ್ಟ ಇದೆ. ಬಲಗೈಯ ಮಣಿಕಟ್ಟು ಮುರಿದು ಪ್ಲಾಸ್ಟರ್ ಹಾಕಿದ್ದಾರೆ. ಆದಿತ್ಯವಾರದಿಂದ ಎಡಗೈಯಲ್ಲಿ ಸ್ವಲ್ಪ ಸ್ವಲ್ಪ ಬರೆಯುತ್ತಿದ್ದೇನೆ. ಕೈ ಮುರಿದವನು ನನ್ನ ತಮ್ಮ ಸದಾನಂದ. ಅದನ್ನು ಮುಂದೆ ಬರೆಯುತ್ತೇನೆ, ಮೊದಲು ನಿನ್ನ ಸಂಗತಿ.

ಬರುವ ಆದಿತ್ಯವಾರ, ನಾಲ್ಕನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಮನೆಯಲ್ಲಿ ನಮ್ಮ ಜಾತಿಯ ಹಿರಿಯರು, ಗುರಿಕಾರರು ಸೇರುತ್ತಾರೆ. ನಿನ್ನನ್ನು ಸದಾನಂದನಿಗೆ ಕೊಡುವುದೆಂದು ವೀಳ್ಯ ಬದಲಾಯಿಸುತ್ತಾರಂತೆ. ನಿನ್ನ ಅಪ್ಪ ಒಪ್ಪಿದ್ದಾರೆ. ನಿನ್ನ ಅಮ್ಮ ಒಪ್ಪಲಿಲ್ಲ, ಆದರೆ ಬೇಡ ಎಂದೂ ಹೇಳಲಿಲ್ಲ. ನಿನಗೆ ಯಾರೂ ತಿಳಿಸಿರಲಿಕ್ಕಿಲ್ಲ. ಶನಿವಾರ ಸಂಜೆ ನಿನ್ನನ್ನು ಕರೆದುಕೊಂಡು ಬರಲು ನಿನ್ನ ಅಪ್ಪ ಭಾಂಡುಪಿಗೆ ಬರುತ್ತಾರೆ. ಅದಕ್ಕೆ ಮೊದಲು ನೀನು ಇದನ್ನು ಓದಬೇಕೆಂದು ಅವಸರ ಮಾಡಿದೆ.

ಹದಿನೇಳನೇ ತಾರೀಕಿನ ಬುಧವಾರವನ್ನು ನಾನು ನಿನಗೆ ನೆನಪು ಮಾಡಬೇಕಾಗಿಲ್ಲ. ಒಳಗೆ ಆದದ್ದು ನಿನ್ನದು. ಅದನ್ನು ಹೇಳುವುದೂ ಬಿಡುವುದೂ ನಿನ್ನ ಇಷ್ಟ. ಬಾಗಿಲ ಹೊರಗೆ ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ, ಏಕೆಂದರೆ ಅದನ್ನು ಈ ತನಕ ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನ ಮೂರು ಗಂಟೆ ಆಗಿತ್ತು. ನಮ್ಮ ಖಾನಾವಳಿಯ ಊಟದ ಡಬ್ಬಿಗಳೆಲ್ಲ ಹೋಗಿದ್ದವು, ನನಗೆ ನೆರವಾಗಲು ಬಂದ ನೀನು ಅಲ್ಲೇ ಉಳಿದಿದ್ದೆ. ನಾನು ಸೀಮೆಎಣ್ಣೆಯ ಕ್ಯೂವಿನಿಂದ ಡಬ್ಬ ಹೊತ್ತು ಬಂದೆ. ಅಕ್ಕಿಮೂಟೆ ಇಡುವ ಕೋಣೆಯ ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ಪಾತ್ರೆ ಬಿದ್ದ ಸದ್ದು, ನಿನ್ನ ಕೂಗು. ಕೇಳಿದ ಕೂಡಲೇ ರುಬ್ಬುವ ಕಲ್ಲಿನ ಗುಂಡು ಎತ್ತಿ ಬಾಗಿಲಿಗೆ ಬಡಿದೆ. ಮೂರನೇ ಏಟಿಗೆ ಚಿಲಕ ಕಿತ್ತು ಬಂತು. ಸದಾನಂದ ನನ್ನನ್ನು ಗೋಡೆಗೆ ತಳ್ಳಿ ಹೊರಗೆ ಓಡಿದ. ಅವನ ಕುತ್ತಿಗೆಯ ಮೇಲೆ ನಾಲ್ಕು ಉಗುರಿನ ಗೆರೆ, ಅದರಿಂದ ರಕ್ತ ಅಂಗಿಯ ಕಾಲರಿಗೆ ಇಳಿಯುತ್ತಿತ್ತು. ನೀನು ಮೂಟೆಗಳ ಸಂದಿಯಲ್ಲಿ ಇದ್ದೆ. ಅವನು ನಿನ್ನ ತಲೆಯನ್ನು ಗೋಡೆಗೆ ಬಡಿದ ಜಾಗದಲ್ಲಿ ಸುಣ್ಣಕ್ಕೆ ಕೂದಲು ಅಂಟಿಕೊಂಡಿತ್ತು. ನೆಲದಲ್ಲಿ ಬಿಳಿಯದೊಂದು ಕಂಡು, ಅಕ್ಕಿಯೊಳಗಿನ ಕಲ್ಲು ಎಂದು ಹೆಕ್ಕಿದೆ. ಅದು ನಿನ್ನ ಮುಂದಿನ ಹಲ್ಲಿನ ತುಂಡು.

ಇದರಲ್ಲಿ ಪ್ರೀತಿ ಇತ್ತು, ಒಪ್ಪಿಗೆ ಇತ್ತು, ಮದುವೆಯ ಮಾತಾಗಿತ್ತು ಎಂದು ಸದಾನಂದ ಗುರಿಕಾರರ ಹತ್ತಿರ ಹೇಳಿದ್ದಾನೆ. ಹಲ್ಲು ಹೇಗೆ ಮುರಿಯಿತು ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.

ಆಮೇಲೆ ನಾನು ಮಾಡಿದ್ದು ನಿನಗೆ ಗೊತ್ತಿದೆ. ಬಿಸಿನೀರು ಕಾಯಿಸಿ ನಿನ್ನ ತಲೆಯಿಂದ ಕಾಲಿನ ತನಕ ತೊಳೆದೆ. ಮೈಗೆ ಎಂತದೇ ಆಗಲಿ ಮೊದಲು ನೀರು ಹುಯ್ಯಬೇಕು ಎಂದು ನಮ್ಮ ಊರಿನಲ್ಲಿ ಕಲಿಸಿದ್ದು. ನಿನ್ನ ಬಟ್ಟೆಯನ್ನು ಸ್ನಾನದ ನೀರು ಕಾಯಿಸುವ ಬಂಬಿನ ಒಲೆಗೆ ತುರುಕಿ ಅದೇ ಬೆಂಕಿಯಲ್ಲಿ ನಿನಗೆ ನೀರು ಕಾಯಿಸಿದೆ. ಕೋಣೆಗೆ ಫಿನಾಯಿಲ್ ಹಾಕಿ ಉಜ್ಜಿದೆ. ಗೋಡೆಗೆ ಸುಣ್ಣ ಬಳಿದೆ. ಇಂದ್ರಾಬಾಯಿ ಇದನ್ನು ಕೇಳಿ ಹಣೆ ಚಚ್ಚಿಕೊಂಡರು. ಪೋಲೀಸರು ಹುಡುಕುವುದೆಲ್ಲ ನಿನ್ನ ಬಟ್ಟೆಯಲ್ಲಿ, ಆ ನೆಲದಲ್ಲಿ ಇತ್ತಂತೆ. ಆ ದಿನ ನನಗೆ ಅದು ಗೊತ್ತಿರಲಿಲ್ಲ. ಸುಣ್ಣ ಬಳಿದದ್ದು ಮಾತ್ರ ಗೊತ್ತಿಲ್ಲದೆ ಅಲ್ಲ.

ನಿನ್ನ ಕೊರಗಪ್ಪ ಮಾವ, ನನ್ನ ಯಜಮಾನರು, ತೀರಿಕೊಂಡ ಮೇಲೆ ಅವರ ಡೈರಿಯಲ್ಲಿ ದಿನಾ ನಾಲ್ಕು ಸಾಲು ಬರೆಯುವುದು ನನ್ನ ಅಭ್ಯಾಸ. ಐದು ತಿಂಗಳಾಯಿತು, ಒಂದು ದಿನವೂ ತಪ್ಪಲಿಲ್ಲ. ಅವರು ಕೂತು ಕೇಳುತ್ತಿದ್ದಾರೆ ಎಂದುಕೊಂಡು ಬರೆಯುತ್ತೇನೆ. ಆ ಬುಧವಾರದ ಪುಟದಲ್ಲಿ ಬರೆದದ್ದು ಇಷ್ಟೇ: ಇವತ್ತು ಸೀಮೆಎಣ್ಣೆ ಸಿಕ್ಕಿತು. ಸತ್ತ ಗಂಡನಿಗೂ ಸುಳ್ಳು ಹೇಳಿದೆ.

ಶನಿವಾರ, ಇಪ್ಪತ್ತಕ್ಕೆ, ನಿನ್ನ ಅಪ್ಪ ದೂಜಣ್ಣನಿಗೆ ಗೊತ್ತಾಯಿತು. ಮೊದಲು ನಿನ್ನನ್ನೇ ಹೊಡೆದರು. ಹೊಲಿಗೆ ಹಾಕದ ಗಾಯದ ತಲೆಗೇ ಚಪ್ಪಲಿಯಲ್ಲಿ ಹೊಡೆದರು. “ಅವನು ಕರೆದರೆ ನಿನಗೆ ಕಾಲು ಇಲ್ಲವಾ ಓಡಲಿಕ್ಕೆ, ಬಾಯಿ ಇಲ್ಲವಾ ಕೂಗಲಿಕ್ಕೆ” ಎಂದರು. ನೀನು ಕೂಗಿದ್ದೆ ಎಂದು ಗೊತ್ತಿದ್ದವಳು ನಾನೊಬ್ಬಳೇ. ಬಾಗಿಲಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ನಿನ್ನ ಅಮ್ಮ ನಡುವೆ ಬಂದು ಬೆನ್ನು ಕೊಟ್ಟಳು, ಅವಳಿಗೂ ಬಿತ್ತು. ಕೈ ಸೋತ ಮೇಲೆ ದೂಜಣ್ಣ ತಾವು ಕೆಲಸ ಮಾಡುವ ಹೋಟೆಲಿನ ಅಡಿಗೆಮನೆಗೆ ಹೋಗಿ ತೆಂಗಿನಕಾಯಿ ಒಡೆಯುವ ಕತ್ತಿ ತಂದರು. ನಮ್ಮ ಮನೆಗೆ ನುಗ್ಗಿ ಸದಾನಂದನ ಹಾಸಿಗೆಯನ್ನು ನಾಲ್ಕು ಕಡಿತ ಕಡಿದರು. ಹತ್ತಿಯೆಲ್ಲ ಗಾಳಿಗೆ ಹಾರಿ ಚಾಳಿನ ಜಗಲಿ ತುಂಬ ಬಿತ್ತು. ಅವನು ಮನೆಯಲ್ಲಿ ಇರಲಿಲ್ಲ, ಇದ್ದಿದ್ದರೆ ಆ ದಿನವೇ ಮುಗಿಯುತ್ತಿತ್ತು. ದೂಜಣ್ಣ ಕತ್ತಿ ಹಿಡಿದುಕೊಂಡೇ ಅಲ್ಲಿ ಕೂತು ಅತ್ತರು. “ಪೋಲೀಸಿಗೆ ಹೋಗುತ್ತೇನೆ ಅಕ್ಕ. ಅವನಿಗೆ ಬೇಡಿ ಹಾಕಿಸದಿದ್ದರೆ ನಾನು ದೂಜ ಅಲ್ಲ” ಎಂದರು.

ಆ ಮಾತು ಕೇಳಿದಾಗ ನನ್ನ ತಲೆಗೆ ಬಂದದ್ದು ನೀನಲ್ಲ. ಸದಾನಂದ. ನಮ್ಮ ಅಮ್ಮ ಸತ್ತಾಗ ಅವನಿಗೆ ನಾಲ್ಕು ವರ್ಷ. ನಾನೇ ಉಣ್ಣಿಸಿ ಬೆಳೆಸಿದ್ದು. ಮಾವ ಹೋದ ಮೇಲೆ ನನ್ನವನು ಎಂದು ಈ ಊರಿನಲ್ಲಿ ಇದ್ದವನು ಅವನೊಬ್ಬ. ಹಾಗಾಗಿ ನಾನು ದೂಜಣ್ಣನ ಕಾಲು ಹಿಡಿದೆ. “ಪೋಲೀಸ್ ಚೌಕಿಗೆ ಹೋದರೆ ಹುಡುಗಿಯ ಹೆಸರು ಊರೆಲ್ಲ ಆಗುತ್ತದೆ ಅಣ್ಣ. ಇದನ್ನು ದೈವಕ್ಕೆ ಒಪ್ಪಿಸುವ. ದೈವ ನೋಡಿಕೊಳ್ಳುತ್ತದೆ” ಎಂದೆ.

ನಿನ್ನ ಅಪ್ಪ ದೈವವನ್ನು ಎಷ್ಟು ನಂಬುವವರು ಎಂದು ನನಗೆ ಗೊತ್ತಿತ್ತು. ಅದನ್ನೇ ಹಿಡಿದೆ. ಅರಸಿನದ ಬಟ್ಟೆಯಲ್ಲಿ ನಾಲ್ಕಾಣೆಯ ಪಾವಲಿ ಕಟ್ಟಿ, ನಮ್ಮ ಖಾನಾವಳಿಯ ಮೂಲೆಯಲ್ಲಿ ಚಾಳಿನವರು ದೈವಕ್ಕೆಂದು ಇಟ್ಟ ಮಂಚಕ್ಕೆ ನಾನೇ ಮುಡಿಪು ಕಟ್ಟಿದೆ. ನಿನ್ನ ಕೈಯನ್ನೂ ಹಿಡಿದು ಅದಕ್ಕೆ ಮುಟ್ಟಿಸಿದೆ. ದೂರು ದೈವದ್ದಾದ ಮೇಲೆ ಮನುಷ್ಯರ ಠಾಣೆ, ಕೋರ್ಟು ಹತ್ತಬಾರದು. ಊರಿನಲ್ಲಿ ಮೇ ತಿಂಗಳ ಕೋಲ ಆಗಿ ದೈವ ಮಾತು ಕೊಡುವ ತನಕ ಕಾಯಬೇಕು, ಮೀರಿ ನಡೆದರೆ ಮನೆ ನಾಶ. ಇದು ನಮ್ಮವರ ಕಟ್ಟುಕಟ್ಟಳೆ. ನೀನು ಭಾಂಡುಪಿಗೆ ಹೋಗುವ ದಿನ ನನ್ನ ಹತ್ತಿರ ಮೆಲ್ಲಗೆ ಕೇಳಿದ್ದೆ: “ಮಾಮಿ, ಈಗ ಚೌಕಿಗೆ ಹೋದರೆ ಅಮ್ಮನಿಗೆ ಏನಾದರೂ ಆಗುತ್ತದಾ?” ಆಗಬಹುದು ಎಂದೆ ನಾನು. ನೀನು ತಲೆ ಅಲ್ಲಾಡಿಸಿ ಟ್ಯಾಕ್ಸಿ ಹತ್ತಿದೆ.

ಮಗಳೇ, ನಾನು ಆ ಮುಡಿಪು ಕಟ್ಟಿದ್ದು ಭಕ್ತಿಯಿಂದ ಅಲ್ಲ. ಮೇ ತಿಂಗಳ ತನಕ ದಿನ ಕಳೆದರೆ ನಿನ್ನ ಗಾಯ ಮಾಯುತ್ತದೆ, ಅಪ್ಪನ ಸಿಟ್ಟು ಇಳಿಯುತ್ತದೆ, ತಮ್ಮ ಉಳಿಯುತ್ತಾನೆ ಎಂದು ಕಟ್ಟಿದ್ದು. ದೈವವನ್ನು ಬಾಗಿಲಿಗೆ ಹಾಕುವ ಚಿಲಕ ಮಾಡಿದೆ.

ಆದರೆ ಗುರಿಕಾರರಿಗೆ ಮೇ ತಿಂಗಳ ತನಕ ತಾಳ್ಮೆ ಇರಲಿಲ್ಲ. ಕಳೆದ ಗುರುವಾರ ನಾಲ್ಕು ಜನ ಬಂದು ನಿನ್ನ ಅಪ್ಪನ ಮುಂದೆ ಕೂತರು. ಅವರಿಗೆ ಚಾ ಕೊಟ್ಟದ್ದು ನಾನೇ. ಹಿರಿಯ ಗುರಿಕಾರರು ಚಾ ಕುಡಿದು ಹೇಳಿದರು: “ಬೆಂಕಿಯ ಹತ್ತಿರ ಬೆಣ್ಣೆ ಇಟ್ಟದ್ದು ನಿಮ್ಮ ತಪ್ಪು ದೂಜ. ಈಗ ತುಪ್ಪ ಆಗಿ ಆಯ್ತಲ್ಲ, ಒಂದು ಬಾಟ್ಲಿಗೆ ತುಂಬಿಸಿ ಮುಚ್ಚಳ ಹಾಕುವ.” ಎಲ್ಲರೂ ನಕ್ಕರು. ನಿನ್ನ ಅಪ್ಪನೂ ನಕ್ಕರು, ನಗದೆ ಬೇರೆ ದಾರಿ ಇಲ್ಲದವರ ಹಾಗೆ. ಮುಡಿಪು ಕಟ್ಟದಿದ್ದರೆ ನಿನ್ನ ಅಪ್ಪ ಆ ಶನಿವಾರವೇ ಚೌಕಿಗೆ ಹೋಗಿ ದೂರು ಕೊಡುತ್ತಿದ್ದರು. ನಾನು ಅವರ ಎರಡೂ ಕಾಲು ಕಟ್ಟಿ ಕೂರಿಸಿದ್ದೆ. ನಿನ್ನನ್ನು ಗೋಡೆಗೆ ಬಡಿದವನ ಮನೆಗೆ ನಿನ್ನನ್ನೇ ಹಾರ ಹಾಕಿ ಕಳಿಸುತ್ತಾರೆ, ಒಳಗೆ ಕರೆದುಕೊಳ್ಳಲು ಸೇರಕ್ಕಿ ಹಿಡಿದು ನಿಲ್ಲಬೇಕಾದವಳು ನಾನು.

ಮರುದಿನ ನಲ್ಲಿಯ ಹತ್ತಿರ ಇಂದ್ರಾಬಾಯಿ ತಾವಾಗಿಯೇ ಕೇಳಿದರು. ಆ ಬುಧವಾರ ಬಾಗಿಲು ಬಡಿದ ಸದ್ದು ಅವರಿಗೂ ಕೇಳಿತ್ತು. ನಾನು ಎಲ್ಲ ಹೇಳಿದೆ. ಮದುವೆಯ ಮಾತು ಕೇಳಿ, “ಕಳ್ಳನಿಗೇ ತಿಜೋರಿ ಬರೆದುಕೊಡುತ್ತಾರಲ್ಲ ನಿಮ್ಮವರು” ಎಂದರು. ಚೌಕಿಗೆ ಹೋಗು ಎಂದು ಹುಡುಗಿಗೆ ಬರೆಯುತ್ತೇನೆ ಎಂದೆ ನಾನು. ಅವರಿಗೆ ಸಿಟ್ಟು ಬಂತು. “ಮೊದಲು ಅವನು ಅವಳನ್ನು ಕೇಳಲಿಲ್ಲ. ಆಮೇಲೆ ನೀನು ಕೇಳಲಿಲ್ಲ, ಅಪ್ಪ ಕೇಳಲಿಲ್ಲ, ಮುದುಕರು ಕೇಳಲಿಲ್ಲ. ಈಗ ನೀನೂ ಹುಕುಂ ಮಾಡುತ್ತೀಯಾ? ಇದ್ದದ್ದನ್ನು ಹೇಳು. ತೀರ್ಮಾನ ಅವಳು ಮಾಡಲಿ” ಎಂದರು.

ಆದ್ದರಿಂದ ಇದ್ದದ್ದನ್ನು ಬರೆಯುತ್ತೇನೆ.

ಹೋದರೆ ಸುಲಭ ಇಲ್ಲ. ಚೌಕಿಯಲ್ಲಿ ಎಲ್ಲ ಗಂಡಸರೇ ಇರುತ್ತಾರೆ. ಒಂದೇ ಸಂಗತಿಯನ್ನು ಮೂರು ಸಲ ಹೇಳಿಸುತ್ತಾರೆ. ಅವನೊಡನೆ ನಗುತ್ತಿದ್ದೆಯಾ, ಸಿನಿಮಾಕ್ಕೆ ಹೋಗಿದ್ದೆಯಾ ಎಂದು ಕೇಳುತ್ತಾರೆ. ಇಂದ್ರಾಬಾಯಿ ಪಕ್ಕದಲ್ಲಿ ಕೂರುತ್ತಾರೆ, ಎದ್ದು ಹೋಗಿ ಎಂದರೂ ಏಳುವುದಿಲ್ಲವಂತೆ. ನಿನ್ನ ಹೇಳಿಕೆಯನ್ನು ಮರಾಠಿಯಲ್ಲಿ ಬರೆಯುತ್ತಾರೆ. ಒಂದೊಂದು ಸಾಲೂ ಇಂದ್ರಾಬಾಯಿ ನಿನಗೆ ಓದಿ ತಿಳಿಸಿದ ಮೇಲೆ ಮಾತ್ರ ಸಹಿ ಮಾಡಬೇಕು. ಡಾಕ್ಟರು ಮೈ ನೋಡುತ್ತಾರೆ. ದಿನ ಕಳೆದಿದೆ, ತೊಳೆದು ಆಗಿದೆ, ಆದರೂ ತಲೆಯ ಗಾಯ, ಹಲ್ಲು, ತೋಳಿನ ಬಾವು ಇವನ್ನು ಬರೆದುಕೊಳ್ಳುತ್ತಾರೆ. ಹಲ್ಲಿನ ತುಂಡನ್ನು ನಾನು ಎಸೆಯಲಿಲ್ಲ, ಏಕೆಂದು ಗೊತ್ತಿಲ್ಲ. ಕೇಸು ಎರಡು ವರ್ಷ ಎಳೆಯಬಹುದು. ಬಿದ್ದು ಹೋಗಲೂಬಹುದು.

ಇಂದ್ರಾಬಾಯಿ ಹೀಗೆ ಮೂವರು ಹುಡುಗಿಯರ ಜೊತೆ ನಿಂತವರು. ಭಾಂಡುಪಿನ ಒಂದು ಕಾರ್ಖಾನೆಯ ಹುಡುಗಿಯ ಕೇಸಿನಲ್ಲಿ ಅವನಿಗೆ ಶಿಕ್ಷೆಯಾಯಿತು. ಇನ್ನೊಬ್ಬಳದು ಬಿದ್ದು ಹೋಯಿತು. ಅವಳು ಅದೇ ಗಲ್ಲಿಯಲ್ಲಿ ಈಗಲೂ ತರಕಾರಿ ಮಾರುತ್ತಾಳೆ, ಅವನು ಎದುರು ಬಂದರೆ ಇವಳು ದಾರಿ ಬಿಡುವುದಿಲ್ಲ, ಅವನೇ ಬಿಡುತ್ತಾನೆ ಎಂದು ಹೇಳಿ ನಕ್ಕರು. ಮೂರನೆಯವಳು ಚೌಕಿಯ ಮೆಟ್ಟಿಲ ತನಕ ಹೋಗಿ ಬೇಡ ಎಂದಳಂತೆ. ಇಬ್ಬರೂ ಕೂತು ಕಬ್ಬಿನ ಹಾಲು ಕುಡಿದು ತಿರುಗಿ ಬಂದರು. ಅವಳಿಗೆ ಧೈರ್ಯ ಇರಲಿಲ್ಲವಾ ಎಂದು ಕೇಳಿದೆ. “ಧೈರ್ಯದ ಮಾತೇ ಅಲ್ಲ. ಅವಳಿಗೆ ಅದು ಬೇಡವಾಗಿತ್ತು” ಎಂದರು.

ನೀನು ಹೋಗು ಎಂದೂ ಬೇಡ ಎಂದೂ ನಾನು ಹೇಳುವುದಿಲ್ಲ. ಆದರೆ ಮುಡಿಪಿಗೆ ಹೆದರಿ ಹೋಗದೆ ಇರಬೇಡ. ಅದು ಈಗ ಅಲ್ಲಿ ಇಲ್ಲ.

ಮೊನ್ನೆ ಶನಿವಾರ ಬೆಳಿಗ್ಗೆ ಸ್ನಾನ ಮಾಡಿ ದೈವದ ಮಂಚದ ಮುಂದೆ ನಿಂತೆ. ಸುಳ್ಳು ಹೇಳಿ ಕಟ್ಟಿದ್ದೇನೆ, ಕಟ್ಟಿದ ಕೈಯಲ್ಲೇ ಬಿಚ್ಚುತ್ತೇನೆ, ಇದರ ದೋಷ ಏನಿದ್ದರೂ ನನಗೊಬ್ಬಳಿಗೆ ತಟ್ಟಲಿ, ಆ ಹುಡುಗಿಗಲ್ಲ, ಅವಳ ತಾಯಿಗಲ್ಲ ಎಂದು ಗಟ್ಟಿಯಾಗಿ ಹೇಳಿದೆ. ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಬಿಡಿಸಿದೆ. ಹಿಂದೆ ಸದಾನಂದ ಬಂದು ನಿಂತದ್ದು ಗೊತ್ತಾಗಲಿಲ್ಲ. “ಎಂತ ಮಾಡುತ್ತೀ ಅಕ್ಕ?” ಎಂದ. ಅವಳು ಚೌಕಿಗೆ ಹೋದರೆ ನಾನು ಸಾಕ್ಷಿ ಹೇಳುತ್ತೇನೆ ಎಂದೆ. ಅವನು ಮೊದಲು ನಕ್ಕ. “ಒಡಹುಟ್ಟಿದವನನ್ನು ಜೈಲಿಗೆ ಕಳಿಸಿದ ಅಕ್ಕ ಎಂದು ನಿನ್ನ ಫೋಟೋ ಪೇಪರಿನಲ್ಲಿ ಬರುತ್ತದೆ, ಹೊಸ ಸೀರೆ ಉಟ್ಟುಕೋ” ಎಂದ. ನಾನು ಮುಡಿಪಿನ ಬಟ್ಟೆ ಮಡಚುತ್ತಾ ಇದ್ದೆ. ಆಗ ಹೊಡೆದ. ಅನ್ನ ಬಗ್ಗಿಸುವ ಕಬ್ಬಿಣದ ಸಟ್ಟುಗ ಕೈಗೆ ಸಿಕ್ಕಿತ್ತು ಅವನಿಗೆ. ತಲೆಗೆ ಬರುತ್ತದೆಂದು ಕೈ ಅಡ್ಡ ಹಿಡಿದೆ, ಎಲುಬು ಮುರಿದ ಸದ್ದು ಇಬ್ಬರಿಗೂ ಕೇಳಿತು. ಬಿದ್ದ ಮೇಲೆ ಪಕ್ಕೆಗೆ ಒದ್ದ. ಐದಾರು ಒದೆ. ಚಾಳಿನವರೆಲ್ಲ ಬಾಗಿಲಲ್ಲಿ ನಿಂತಿದ್ದರು, ಅಕ್ಕತಮ್ಮಂದಿರ ಜಗಳ ಎಂದು ಯಾರೂ ಒಳಗೆ ಬರಲಿಲ್ಲ. ಅವನ ಮುಖವನ್ನು ನಾನು ಕೆಳಗಿನಿಂದ ನೋಡಿದೆ. ನೀನು ಕಂಡ ಮುಖ ಅದೇ ಇರಬೇಕು. ಇಪ್ಪತ್ತೆರಡು ವರ್ಷ ಉಣ್ಣಿಸಿದವಳಿಗೆ ಅದು ಆವತ್ತೇ ಮೊದಲು ಕಂಡದ್ದು.

ಅವನು ಈಗ ಗೋರೆಗಾಂವಿನಲ್ಲಿ ಗೆಳೆಯರ ಕೋಣೆಯಲ್ಲಿದ್ದಾನೆ, ಆದಿತ್ಯವಾರ ಹೊಸ ಪಂಚೆ ಉಟ್ಟು ಬರುತ್ತಾನೆ. ನಾನು ಮೂರು ದಿನದಿಂದ ಅವನಿಗಾಗಿ ಅಳುತ್ತಿದ್ದೇನೆ. ಅದನ್ನು ಮುಚ್ಚಿಡುವುದಿಲ್ಲ. ಮಾವ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತಿದ್ದೇನೆ. ಅಳುತ್ತಲೇ ಸಾಕ್ಷಿ ಹೇಳಬಲ್ಲೆ.

ಮದುವೆಯೊಂದಕ್ಕೆ ಮಾತ್ರ ನಾನು ಬೇಡ ಎನ್ನುತ್ತೇನೆ. ನಿನಗೆ ಚೌಕಿ ಬೇಡವಾದರೆ ಅದೂ ಸರಿ. ಆಗ ಆದಿತ್ಯವಾರ ನೀನು ಆ ಮನೆಗೆ ಬರಬೇಡ. ನೀನು ಸರಿ ಎಂದರೆ ನಾನು ಹೋಗಿ, ಚಿಲಕ, ಗೋಡೆ, ಹಲ್ಲು ಎಲ್ಲವನ್ನೂ ಗುರಿಕಾರರ ಮುಂದೆ ಹೇಳುತ್ತೇನೆ. ಅದೂ ಬೇಡ, ಯಾರ ಬಾಯಲ್ಲೂ ನಿನ್ನ ಹೆಸರು ಬರಬಾರದು ಎಂದರೆ, ನನ್ನ ತಮ್ಮನಿಗೆ ಹೆಣ್ಣು ತರಲು ನನಗೆ ಒಪ್ಪಿಗೆ ಇಲ್ಲ ಎಂದಷ್ಟೇ ಹೇಳಿ ವೀಳ್ಯದ ತಟ್ಟೆ ಕವುಚುತ್ತೇನೆ. ಬೇಕಾದಷ್ಟು ಬೈಯಲಿ. ಹೆಣ್ಣಿನ ಕಡೆಯವರಿಗೆ ಕೆಟ್ಟ ಹೆಸರು ಬಾರದೆ ಮದುವೆ ಮುರಿಯಬಹುದಾದವಳು ಗಂಡಿನ ಅಕ್ಕ ಒಬ್ಬಳೇ.

ನಿನ್ನ ಅಪ್ಪ ಶನಿವಾರ ಬಂದಾಗ ಹೋಗಲು ಮನಸ್ಸಿಲ್ಲದಿದ್ದರೆ ಇಂದ್ರಾಬಾಯಿಯ ಮನೆಯಲ್ಲಿ ನಿನಗೆ ಜಾಗ ಇದೆ. ಇವತ್ತೇ ಅವರ ಜೊತೆ ಹೊರಟು ಬಂದರೂ ಆದೀತು. ಏನೂ ತೀರ್ಮಾನ ಮಾಡದೆ, ಬರೀ ಮಲಗಿ ನಿದ್ದೆ ಮಾಡಲಿಕ್ಕೆ ಬಂದರೂ ಸರಿ. ಇವತ್ತು ಬೇಡ ಎಂದು ನಾಳೆ ಬೇಕು ಎನ್ನಬಹುದು. ಇವತ್ತು ಬೇಕು ಎಂದು ಚೌಕಿಯ ಬಾಗಿಲಿನಿಂದ ತಿರುಗಿಯೂ ಬರಬಹುದು. ಯಾರೂ ನಿನ್ನನ್ನು ಏಕೆ ಎಂದು ಕೇಳುವುದಿಲ್ಲ.

ಈ ಕಾಗದವನ್ನು ಇಟ್ಟುಕೋ, ಹರಿದು ಹಾಕು, ಅಥವಾ ಚೌಕಿಯಲ್ಲಿ ಕೊಡು. ಕೊಡುವುದಕ್ಕೆ ಬರಲಿ ಎಂದೇ ಪ್ರತಿ ಪುಟದ ಕೆಳಗೆ ಹೆಸರು ಬರೆದು ಹೆಬ್ಬೆಟ್ಟೂ ಒತ್ತಿದ್ದೇನೆ.

ನಿನ್ನ ಮುಂದೆ ತಲೆ ತಗ್ಗಿಸಿದ,
ವಸಂತಿ ಮಾಮಿ

ತಾ. ಕ. ಇಷ್ಟು ಬರೆದು ಇಂದ್ರಾಬಾಯಿಯ ಕೈಗೆ ಕೊಟ್ಟು, ಅವರು ಮೆಟ್ಟಿಲು ಇಳಿದ ಮೇಲೆ ತಿರುಗಿ ಕರೆದೆ. ನಿನ್ನ ಕೂಗು ಕೇಳಿದ ಕೂಡಲೇ ಬಾಗಿಲು ಬಡಿದೆ ಎಂದು ಬರೆದದ್ದು ಸುಳ್ಳು. ನೀನು ‘ಮಾಮೀ’ ಎಂದು ಮೊದಲ ಸಲ ಕೂಗಿದಾಗಲೇ ನನಗೆ ಎಲ್ಲ ಗೊತ್ತಾಗಿತ್ತು. ಬಡಿದರೆ ಚಾಳು ಸೇರುತ್ತದೆ, ತಮ್ಮನ ಮಾನ ಹೋಗುತ್ತದೆ ಎಂದು ಸೀಮೆಎಣ್ಣೆಯ ಡಬ್ಬ ಹೊತ್ತುಕೊಂಡೇ ನಿಂತಿದ್ದೆ. ನೀನು ಐದು ಸಲ ಕೂಗಿದೆ. ಆಮೇಲೆ ನಿನ್ನ ಸದ್ದು ನಿಂತಿತು. ಸತ್ತುಹೋದೆಯೋ ಎಂದು ಹೆದರಿ ಆಗ ಕಲ್ಲು ಎತ್ತಿದೆ. ಕೋರ್ಟಿನಲ್ಲಿ ವಕೀಲರು ಕೇಳಿದರೆ ಇದನ್ನೂ ಹೇಳುತ್ತೇನೆ. ಅಲ್ಲಿ ಎಲ್ಲರ ಮುಂದೆ ನೀನು ಮೊದಲ ಸಲ ಕೇಳುವ ಹಾಗೆ ಆಗಬಾರದು ಎಂದು ಈಗಲೇ ಬರೆದೆ. ನನ್ನನ್ನು ಸಾಕ್ಷಿಗೆ ಕರೆಯುವುದೋ, ದೂರಿನಲ್ಲಿ ಅವನ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆಸುವುದೋ, ಅದನ್ನೂ ನೀನೇ ತೀರ್ಮಾನ ಮಾಡು.